ವಿತಾಲಿನ್ ತೆಗೆಯದ ಬಾಗಿಲು

ಪುವಾಂತ್-ಆ-ಪಿತ್ರ್, ಗ್ವಾಡಲೂಪ್
9 ಸೆಪ್ಟೆಂಬರ್ 1979

ವಿತಾಲಿನ್,

ಅತ್ತಿಗೆ ಎಂದು ಬರೆಯುವ ಮನಸ್ಸಿಲ್ಲ. ನನ್ನಣ್ಣ ಒಕ್ಟಾವ್ ನಿನ್ನನ್ನು ಬಿಟ್ಟು ಇನ್ನೊಬ್ಬಳ ಜೊತೆ ಸೇಂಟ್ ಕ್ರೋಯಿಗೆ ಹಡಗು ಹತ್ತಿದ ದಿನವೇ ಆ ಸಂಬಂಧ ಮುಗಿಯಿತು ಎಂದು ಅಮ್ಮ ಹೇಳುತ್ತಿದ್ದಳು. ನಾನೇ ಇಷ್ಟು ವರ್ಷ ಎಳೆದುಕೊಂಡು ಬಂದೆ. ಈಗ ನನಗೂ ಸಾಕು.

ಮೊನ್ನೆ ಡೊಮಿನಿಕಾದಿಂದ ದೋಣಿ ಬಂತು. ಬಂದರಿನಲ್ಲಿ ನಮ್ಮೂರಿನ ಮುಖ ಹುಡುಕುತ್ತ ನಿಂತಿದ್ದೆ. ಬಡಗಿ ತೆಲೆಮಾಕ್ ಇಳಿದ. ಕಾಲಲ್ಲಿ ಚಪ್ಪಲಿಯಿಲ್ಲ, ಮೈಮೇಲೆ ಯಾರೋ ಹೆಂಗಸಿನ ಅಂಗಿ. ಕೋಣೆಗೆ ಕರೆತಂದು ಕಾಫಿ ಕೊಟ್ಟೆ. ಎರಡು ಗುಟುಕು ಕುಡಿದು ಅಳತೊಡಗಿದ.

"ನಿಮ್ಮಮ್ಮನ ಮನೆ ಹಾರಿಹೋಯ್ತು ಜರ್ಮೇನ್. ಹಲಗೆ ನೆಲಾನೂ ಉಳೀಲಿಲ್ಲ. ಮುದುಕಿ ತೆವಳ್ಕೊಂಡು ವಿತಾಲಿನ್ ಮನೆ ತನಕ ಬಂದ್ಲು. ಬಾಗಿಲು ಬಡಿದ್ಲು. ತೆಗೀಲಿಲ್ಲ."

"ಯಾರು ತೆಗೀಲಿಲ್ಲ?"

"ವಿತಾಲಿನ್ ಬೇಡ ಅಂದ್ಲು. ಆಮೇಲೆ ಬಡಿಯೋ ಸದ್ದು ನಿಂತೋಯ್ತು."

ಬಿರುಗಾಳಿ ನಿಂತ ಕೂಡಲೇ ಅವನು ತನ್ನ ತಂಗಿಯನ್ನು ಹುಡುಕಿಕೊಂಡು ಕರಾವಳಿಯ ಕಡೆ ಹೋದನಂತೆ. ಮುಂದಿನದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ಗಾಳಿಯಲ್ಲಿ ಹೊರಗುಳಿದ ಮುದುಕಿಯ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕೆ?

ಎಲ್ಲಿ ಹೂತಿರಿ? ಅದೊಂದನ್ನು ಬರೆ. ಬೇರೇನೂ ಬರೆಯಬೇಡ. ನಿನ್ನ ಕಣ್ಣೀರಿನ ಕಥೆ ನನಗೆ ಬೇಡ. ಹೊರಗೆ ನಿಂತು ಕರೆದದ್ದು ನಿನ್ನನ್ನು ಹೆತ್ತವಳಾಗಿದ್ದರೆ ನೀನು ಬಾಗಿಲು ತೆಗೆಯುತ್ತಿದ್ದೆ.

ಜರ್ಮೇನ್


ಫಾಂ ಕನೆಲ್, ಡೊಮಿನಿಕಾ
25 ಸೆಪ್ಟೆಂಬರ್ 1979

ಜರ್ಮೇನ್,

ನಿನ್ನ ಅಮ್ಮನನ್ನು ಎಲ್ಲಿಯೂ ಹೂತಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಅವರು ಎದುರಿಗೇ ಕೂತು, ಬೇಯಿಸಿದ ಬಾಳೆಕಾಯಿ ಕಲ್ಲಿನ ಹಾಗಿದೆ ಎಂದು ಗೊಣಗುತ್ತಿದ್ದಾರೆ. ಬಲಗೈ ಮುರಿದಿದೆ. ಮುಂದಿನ ಎರಡು ಹಲ್ಲು ಹೋಗಿವೆ. ನಾಲಿಗೆಗೆ ಏನೂ ಆಗಿಲ್ಲ.

ಬೇರೇನೂ ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಬೇಡವಾದರೆ ಹರಿದು ಒಲೆಗೆ ಹಾಕು.

ಆ ಬುಧವಾರ ಬೆಳಿಗ್ಗೆಯವರೆಗೂ ಬಿರುಗಾಳಿ ಬಾರ್ಬಡೋಸ್ ಕಡೆ ಹೋಗುತ್ತದೆಂದೇ ಎಲ್ಲರೂ ನಂಬಿದ್ದೆವು. ಆಕಾಶ ತಾಮ್ರದ ಪಾತ್ರೆಯ ಬಣ್ಣಕ್ಕೆ ತಿರುಗಿತು. ಕೋಳಿಗಳು ಹಗಲಲ್ಲೇ ಗೂಡು ಸೇರಿದವು. ನಾನು ನಿನ್ನ ಅಮ್ಮನ ಮನೆಗೆ ಹತ್ತಿ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ಕೆಸುವಿನ ಗಡ್ಡೆ ಹೆರೆಯುತ್ತಿದ್ದರು.

"ಅತ್ತೆ, ಕೆಳಗೆ ಬನ್ನಿ. ನನ್ನದು ಸಿಮೆಂಟು ಗೋಡೆ. ಈ ಹಲಗೆ ಮನೆ ನಿಲ್ಲಲ್ಲ."

"ಕಟ್ಕೊಂಡ ಗಂಡನ್ನೇ ನಿಲ್ಲಿಸ್ಕೊಳಕ್ಕಾಗ್ದವಳು ನಂಗೆ ಮನೆ ನಿಲ್ಲೋ ವಿಷ್ಯ ಹೇಳ್ಕೊಡ್ತೀಯಾ? ಹೋಗೇ."

ಹೋದೆ. ಇನ್ನೊಂದು ಸಲ ಕರೆಯಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದುಕೋ.

ಆಮೇಲೆ ಡೇವಿಡ್ ಬಂದ, ಆ ಬಿರುಗಾಳಿಗೆ ರೇಡಿಯೋದವರು ಹೇಳಿದ ಹೆಸರು ಅದು. ಈ ಊರಿನಲ್ಲಿ ಈಗ ಯಾರೂ ಅದನ್ನು ಗಾಳಿ ಎನ್ನುವುದಿಲ್ಲ, 'ಅವನು' ಎನ್ನುತ್ತಾರೆ. ಕೇರಿಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ನನ್ನ ಮನೆಗೆ ನುಗ್ಗಿದರು. ಮುಂದಿನ ಕೋಣೆಯ ತಗಡುಗಳು ಒಂದರ ಹಿಂದೆ ಒಂದು ಕಿತ್ತುಹೋದವು. ಎಲ್ಲರೂ ಒಳಕೋಣೆಗೆ ಸೇರಿದೆವು. ನನ್ನ ಮಗಳು ಮಾರ್ಸೆಲಾಳನ್ನು ಮಂಚದ ಕೆಳಗೆ ತಳ್ಳಿದೆ. ನೆರೆಮನೆಯ ಕ್ಲೊತಿಲ್ದ್ ಹೆತ್ತು ಇನ್ನೂ ವಾರ ಕಳೆದಿತ್ತಷ್ಟೇ, ಆ ಕೂಸು ಅವಳ ಲಂಗದ ಮಡಿಕೆಯಲ್ಲಿತ್ತು. ಕೋಣೆಯ ಹಿತ್ತಿಲ ಬಾಗಿಲಿಗೆ ಬೀರು ಅಡ್ಡ ಇಟ್ಟು, ಅದಕ್ಕೆ ಗಂಡಸರು ಬೆನ್ನು ಕೊಟ್ಟು ಕೂತರು. ತಲೆಯ ಮೇಲೆ ಉಳಿದಿದ್ದ ತಗಡು ಎದ್ದು ಎದ್ದು ಬೀಳುತ್ತಿತ್ತು. ಆಗ ನಿನ್ನ ತೆಲೆಮಾಕ್, ನಿನ್ನ ಮನೆಯ ಕಾಫಿ ಕುಡಿದು ಅತ್ತವನು, ಏನೆಂದ ಗೊತ್ತೇ? "ಈ ಬಾಗಿಲು ಒಂದ್ಸಲ ತೆರೀತು ಅಂದ್ರೆ ಗಾಳಿ ಒಳಗೆ ಬಂದು ಚಾವಣಿ ಎತ್ಕೊಂಡು ಹೋಗುತ್ತೆ. ಆಮೇಲೆ ಗೋಡೆ ನಮ್ಮ ಮೇಲೆ." ಬೀರುವಿಗೆ ಮೊದಲು ಒತ್ತಿ ಹಿಡಿದದ್ದು ಅವನ ಬೆನ್ನೇ. ಕೇಳು ಅವನನ್ನು.

ಬಡಿದ ಸದ್ದಾಯಿತು. ಕೊಂಬೆ ಇರಬೇಕು ಎಂದರು ಯಾರೋ. ಕೊಂಬೆ ನನ್ನ ಹೆಸರು ಹಿಡಿದು ಕರೆಯುವುದಿಲ್ಲ.

"ವಿತಾಲಿನ್! ತೆಗಿಯೇ! ನಾನು ಕಣೇ!"

ಎಲ್ಲರೂ ನನ್ನ ಮುಖ ನೋಡಿದರು. ಮನೆ ನನ್ನದಲ್ಲವೇ? ತೆಲೆಮಾಕ್ "ಏನ್ಮಾಡೋಣ?" ಅಂದ. ಮಂಚದ ಕೆಳಗಿನಿಂದ ಮಾರ್ಸೆಲಾಳ ಕಾಲು ಕಾಣುತ್ತಿತ್ತು. ನಾನು "ಬೇಡ" ಅಂದೆ.

ಮಧ್ಯಾಹ್ನ ಕಳೆದ ಮೇಲೆ ಗಾಳಿ ಇಳಿಯಿತು. ನಾನೇ ಬೀರು ಸರಿಸಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ. ಬೆಟ್ಟದಲ್ಲಿ ಒಂದು ಎಲೆ ಉಳಿದಿರಲಿಲ್ಲ, ಬೆಂಕಿ ಬಿದ್ದ ಹಾಗೆ ಕಂದು ಬಣ್ಣ. ಊರಿನಲ್ಲಿದ್ದು ಎಷ್ಟೋ ವರ್ಷವಾದರೂ ಕಾಣದಿದ್ದ ಸಮುದ್ರ ನನ್ನ ಹಿತ್ತಿಲಿನಿಂದ ಕಂಡಿತು. ಕತ್ತಲಾಗುವವರೆಗೆ ಕಮರಿಯಲ್ಲಿ ಹುಡುಕಿದೆವು. ಮರುದಿನ ಬೆಳಿಗ್ಗೆ ಫೆಲಿಸಿಯನ್‌ನ ಎಣ್ಣೆ ಭಟ್ಟಿಯ ಹತ್ತಿರ ಕೆಮ್ಮು ಕೇಳಿಸಿತು. ಎಣ್ಣೆ ತೆಗೆಯಲು ಬೇ ಮರದ ಎಲೆ ಬೇಯಿಸುವ ಹಂಡೆಯ ಕೆಳಗೆ ಕಲ್ಲಿನ ಒಲೆ ಇದೆಯಲ್ಲ, ಅದರ ಬಾಯೊಳಗಿನಿಂದ ಎರಡು ಪಾದ ಹೊರಗೆ ಚಾಚಿದ್ದವು. ಎಳೆದೆವು. ತಲೆಯಿಂದ ಕಾಲಿನವರೆಗೆ ಮಸಿ. ಕಣ್ಣು ಬಿಟ್ಟು ನನ್ನನ್ನು ನೋಡಿ ಅವರು ಆಡಿದ ಮೊದಲ ಮಾತು:

"ಒಳಗೆ ಎಲ್ಲಾರೂ ಆರಾಮಾಗಿದ್ರಾ?"

ಇಷ್ಟೇ ನಡೆದದ್ದು. ನಾನು ಕ್ಷಮೆ ಕೇಳುತ್ತೇನೆಂದು ಕಾಯಬೇಡ. ನಾಳೆ ಅವನು ಮತ್ತೆ ಬಂದರೂ ನಾನು ತೆಗೆಯುವುದಿಲ್ಲ.

ವಿತಾಲಿನ್


ಪುವಾಂತ್-ಆ-ಪಿತ್ರ್
16 ಅಕ್ಟೋಬರ್ 1979

ವಿತಾಲಿನ್,

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಿನ್ನ ಕಾಗದ ಒಡೆದೆ. ಮೊದಲ ಸಾಲು ಓದಿ ಒದ್ದೆ ಹಾಸುಗಳ ರಾಶಿಯ ಮೇಲೆ ಕೂತುಬಿಟ್ಟೆ. ಮೇಲ್ವಿಚಾರಕಿ ಬಂದು ಬೈದಳು. ಬೈಸಿಕೊಂಡು ನಕ್ಕೆ.

ಅದಕ್ಕಾಗಿ ನಾನು ನಿನ್ನ ಉಪಕಾರ ಸ್ಮರಿಸಬೇಕಾಗಿಲ್ಲ. ಅಮ್ಮನನ್ನು ಉಳಿಸಿದ್ದು ಫೆಲಿಸಿಯನ್‌ನ ಒಲೆ.

ತೆಲೆಮಾಕ್‌ಗೆ ನಿನ್ನ ಕಾಗದ ಓದಿ ಹೇಳಿದೆ. ಟೋಪಿ ತಲೆಗಿಟ್ಟುಕೊಂಡು ಎದ್ದು ಹೋದ, ಮತ್ತೆ ಈ ಕಡೆ ಬಂದಿಲ್ಲ. ಅವನೂ ನಿನ್ನಂಥವನೇ ಇರಲಿ. ಆದರೆ ಅವನು ಅತ್ತ. ನಿನ್ನ ಕಾಗದ ಬಿಸಿಲಿಗೆ ಹಿಡಿದು ನೋಡಿದೆ, ಒಂದು ಹನಿ ಕಣ್ಣೀರಿನ ಕಲೆಯಿಲ್ಲ. "ಅದನ್ನೂ ಲೆಕ್ಕಕ್ಕೆ ಹಿಡಿದುಕೋ" ಎಂದು ಬರೆಯುತ್ತೀಯ. ಎಂಥ ಹೆಂಗಸು ನೀನು?

ಅಮ್ಮನನ್ನು ಮುಂದಿನ ದೋಣಿಗೆ ಹತ್ತಿಸು. ನನ್ನ ಕೋಣೆ ಚಿಕ್ಕದು, ಆದರೂ ಅದರ ಬಾಗಿಲು ತೆರೆಯುತ್ತದೆ. ಅವಳನ್ನು ಯಾಕೆ ಇಟ್ಟುಕೊಂಡಿದ್ದೀಯ ಎಂದು ಇಲ್ಲಿಗೆ ಬಂದವರು ಮಾತಾಡಿಕೊಳ್ಳುತ್ತಾರೆ. ನೆರವಿನ ಹಡಗಿನವರು ತಲೆ ಎಣಿಸಿ ಹಿಟ್ಟು, ಹಾಲಿನ ಪುಡಿ ಕೊಡುತ್ತಾರಂತಲ್ಲ. ಮನೆಯಲ್ಲಿ ಒಂದು ತಲೆ ಹೆಚ್ಚಿದ್ದರೆ ನಷ್ಟವೇನು?

ಅವಳು ನನಗೆ ಯಾಕೆ ಒಂದು ಸಾಲನ್ನೂ ಬರೆಸಿಲ್ಲ? ನಾನು ಬರೆದದ್ದನ್ನು ಅವಳಿಗೆ ಓದಿ ಹೇಳುತ್ತಿದ್ದೀಯೋ ಇಲ್ಲವೋ?

ಜರ್ಮೇನ್


ಫಾಂ ಕನೆಲ್
20 ನವೆಂಬರ್ 1979

ಜರ್ಮೇನ್,

ಹಿಟ್ಟಿನ ವಿಷಯ ಮೊದಲು. ಅದರಲ್ಲಿ ಹುಳ. ಜರಡಿ ಹಿಡಿಯುವವಳು ನಾನು. ನೀನು ಬಂದು ನಿನ್ನ ಅಮ್ಮನ ಪಾಲನ್ನು ಹುಳದ ಸಮೇತ ಹೊತ್ತುಕೊಂಡು ಹೋಗು.

ಅವರ ಕನ್ನಡಕ ಆ ಗಾಳಿಯಲ್ಲೇ ಹೋಯಿತು, ನಿನ್ನ ಕಾಗದಗಳನ್ನು ನಾನೇ ಅಕ್ಷರ ಬಿಡದೆ ಓದಿ ಹೇಳಿದ್ದೇನೆ, ನನ್ನನ್ನು ಬೈದ ಸಾಲುಗಳನ್ನು ಎರಡೆರಡು ಸಲ. ಎರಡನೇ ಸಲ ಕೇಳಿದ್ದು ಅವರೇ. ಉತ್ತರ ಬರೆಸಿ ಎಂದರೆ, "ನನ್ನ ಮಾತು ನಿನ್ನ ಕೈಯಲ್ಲಿ ಬರೆಸ್ಲಾ? ಕೈ ವಾಸಿಯಾಗ್ಲಿ" ಎನ್ನುತ್ತಾರೆ. ದೋಣಿಯ ಮಾತೆತ್ತಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ಅವರ ತಲೆ ಬಾಚುವವಳು ನಾನು. ಬೆನ್ನು ಉಜ್ಜುವವಳು ನಾನು. ಉಜ್ಜುವಾಗ "ಮೆಲ್ಲಗೆ, ಅದು ಬೆನ್ನು, ಬೀರು ಅಲ್ಲ" ಎನ್ನುತ್ತಾರೆ. ಹಿಟ್ಟಿನ ಸಾಲಿನಲ್ಲಿ ಪರದೇಶದ ಸಿಪಾಯಿ ಹೆಸರು ಕೇಳಿದರೆ, "ಇಸ್ಮೇನಿ. ಬಾಗಿಲ ಹೊರಗಿದ್ದವಳು. ಒಳಗಿದ್ದವಳು ಇವಳು" ಎಂದು ನನ್ನ ಕಡೆ ಗಲ್ಲ ತೋರಿಸುತ್ತಾರೆ. ಅವನಿಗೆ ನಮ್ಮ ಮಾತು ತಿಳಿಯುವುದಿಲ್ಲ. ಸಾಲಿನಲ್ಲಿದ್ದವರಿಗೆಲ್ಲ ತಿಳಿಯುತ್ತದೆ. ಆ ದಿನ ನನ್ನ ಮನೆಯಲ್ಲಿ ಜೀವ ಉಳಿಸಿಕೊಂಡವರೇ ಈಗ ನೆಲ ನೋಡುತ್ತಾರೆ. ಕ್ಲೊತಿಲ್ದ್ ಕೂಸನ್ನೆತ್ತಿಕೊಂಡು ಅವರ ಕಾಲ ಬಳಿ ಕೂರುತ್ತಾಳೆ. ನನ್ನ ಹತ್ತಿರ ಬರುವುದಿಲ್ಲ.

ಇನ್ನೊಂದು ಕೇಳು. ಹಿತ್ತಿಲಿಗೆ ಹೋಗಿ ಒಳಗೆ ಬರುವಾಗಲೆಲ್ಲ ಅವರು ಎಡಗೈಯಿಂದ ಆ ಬಾಗಿಲು ಬಡಿಯುತ್ತಾರೆ. ಬಾಗಿಲು ತೆರೆದೇ ಇರುತ್ತದೆ, ನಾನು ಈಗ ಅದನ್ನು ಹಾಕುವುದೇ ಇಲ್ಲ. ಆದರೂ ಬಡಿದು ಹೊಸ್ತಿಲಾಚೆ ನಿಲ್ಲುತ್ತಾರೆ. ನಾನು "ಬನ್ನಿ" ಎನ್ನುವ ತನಕ ಕಾಲಿಡುವುದಿಲ್ಲ. ಮೊನ್ನೆ ಹಟಕ್ಕೆ ಬಿದ್ದು ನಾನೂ ಬಾಯಿ ಬಿಡಲಿಲ್ಲ. ಮಳೆ ಶುರುವಾಯಿತು. ನಿಂತೇ ಇದ್ದರು. ಟಾರ್ಪಾಲಿನಿಂದ ನೀರು ಅವರ ಕೊರಳೊಳಗೇ ಇಳಿಯುತ್ತಿತ್ತು. ಕೊನೆಗೆ ಮಾರ್ಸೆಲಾ ಅತ್ತಳು. "ಬನ್ನಿ" ಅಂದೆ.

ಆ ರಾತ್ರಿ ಮಾರ್ಸೆಲಾ ಕೇಳಿದಳು, "ಅಮ್ಮಾ, ಅವತ್ತು ಅಜ್ಜಿ ಕರೆದಾಗ ನೀನ್ಯಾಕೆ ಕಿವಿ ಮುಚ್ಕೊಂಡೆ?" ಮಂಚದ ಕೆಳಗಿನಿಂದ ಅವಳಿಗೆ ಕಂಡಿತ್ತು ಎಂದು ನನಗೆ ಗೊತ್ತಿರಲಿಲ್ಲ. ಮಲಗು ಎಂದೆ. ನೀನೂ ಕೇಳಬೇಡ.

ದೋಣಿಗೆ ಹತ್ತಿಸು ಎಂದು ಅಲ್ಲಿಂದ ಬರೆಯುವುದು ಸುಲಭ. ನೀನೇ ಬಾ. ಬಂದು ಕರೆದುಕೊಂಡು ಹೋಗು. ಇಲ್ಲದಿದ್ದರೆ ಈ ಮನೆಯಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ.

ವಿತಾಲಿನ್


ಪುವಾಂತ್-ಆ-ಪಿತ್ರ್
4 ಜನವರಿ 1980

ವಿತಾಲಿನ್,

ಬಾ ಎಂದೆ, ಬಂದೆ. ನಿನಗೆ ತೃಪ್ತಿಯಾಯಿತೇ?

ಕ್ರಿಸ್‌ಮಸ್ ಪೂಜೆ ಮುಗಿಸಿ ಚಾವಣಿಯಿಲ್ಲದ ಚರ್ಚಿನಿಂದ ಜನ ಹೊರಬರುತ್ತಿದ್ದರು. ನೀನು ಅಮ್ಮನ ತೋಳು ಹಿಡಿದು ಮೆಟ್ಟಿಲು ಇಳಿಸುತ್ತಿದ್ದೆ. ನಡುರಾತ್ರಿಯಿಂದ ದೋಣಿಯಲ್ಲಿ ವಾಂತಿ ಮಾಡಿಕೊಂಡು ಬಂದಿದ್ದ ನನಗೆ ಆ ತೋಳು ಹಿಡಿದದ್ದನ್ನು ಕಂಡು ತಡೆಯಲಾಗಲಿಲ್ಲ. ಕೊಲೆಗಾತಿ ಎಂದೆ. ಪಾದ್ರಿಯ ಎದುರೇ ಎಂದೆ. ಅದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಮ್ಮ ನಿನ್ನ ಕೈ ಬಿಡಿಸಿಕೊಂಡು ನನ್ನತ್ತ ಬಂದಾಗ ಅಪ್ಪಿಕೊಳ್ಳಲು ಬರುತ್ತಿದ್ದಾಳೆ ಎಂದುಕೊಂಡೆ. ಕೆನ್ನೆಗೆ ಬಾರಿಸಿದಳು.

"ಅವಳನ್ನ ಬೈಯೋಕೆ ನಾನಿದೀನಿ. ನೀನ್ಯಾರೇ? ನೀನು ಬಾಗಿಲ ಒಳಗೂ ಇರ್ಲಿಲ್ಲ, ಹೊರಗೂ ಇರ್ಲಿಲ್ಲ!"

ಊರೇ ನೋಡುತ್ತಿತ್ತು. ನೀನು ತಲೆ ತಗ್ಗಿಸಿದೆ. ನಕ್ಕೆಯೋ, ಅತ್ತೆಯೋ, ಇವತ್ತಿಗೂ ನನಗೆ ತಿಳಿದಿಲ್ಲ. ನಕ್ಕಿದ್ದರೆ ದೇವರು ನೋಡಿಕೊಳ್ಳಲಿ.

ಅಮ್ಮನಿಗೆಂದು ತಂದ ನೀಲಿ ಉಡುಪು ಚೀಲದಲ್ಲೇ ವಾಪಸು ಬಂತು. ಅವಳು ಹೆತ್ತ ಮಗಳು ನಾನು. ಅವಳ ಮಗ ಬಿಟ್ಟುಹೋದ ಹೆಂಡತಿ ನೀನು. ಅವಳು ಯಾರ ಪಕ್ಕ ನಿಂತಳು ಎಂದು ಇಡೀ ಫಾಂ ಕನೆಲ್ ನೋಡಿತು. ಇನ್ನು ನಿಮ್ಮ ಮನೆಯ ಸುದ್ದಿ ನನಗೆ ಬೇಡ. ಒಬ್ಬರನ್ನೊಬ್ಬರು ತಿಂದುಕೊಂಡು ಬದುಕಿ.

ಜರ್ಮೇನ್


ಫಾಂ ಕನೆಲ್
2 ಮಾರ್ಚ್ 1980

ಮಗಳೇ ಜರ್ಮೇನ್,

ಕೈ ಕೂಡಿಕೊಂಡಿದೆ, ಸೊಟ್ಟಗೆ. ಕನ್ನಡಕವೂ ಇಲ್ಲ, ಅಕ್ಷರವೂ ಸೊಟ್ಟಗೇ ಬರುತ್ತದೆ, ಕಷ್ಟಪಟ್ಟು ಓದಿಕೋ. ಕೆನ್ನೆಯ ಮಾತು ಬಿಡು. ಎಡಗೈಯ ಏಟು ಎಷ್ಟು ನೋಯುತ್ತದೆ?

ನಾನು ಅಲ್ಲಿಗೆ ಬರುವುದಿಲ್ಲ. ನೀನು ಬೆಳಿಗ್ಗೆ ಕೆಲಸಕ್ಕೆ ಹೋದರೆ ನಾನು ಯಾರ ಜೊತೆ ಜಗಳವಾಡಲಿ? ಇಲ್ಲಿ ನನಗೆ ದಿನಕ್ಕೆ ಸಾಕಾಗುವಷ್ಟಿದೆ. ಮರಗಳು ಬುಡದಿಂದಲೇ ಚಿಗುರಿವೆ. ಜೀಗುಜ್ಜೆ ಮರ ಮಾತ್ರ ಹೋಯಿತು.

ಒಂದು ವಿಷಯ ಬರೆಯುತ್ತೇನೆ. ಇದನ್ನು ಬರೆಯಲೆಂದೇ ಕೈ ವಾಸಿಯಾಗಲಿ ಎಂದು ಕಾದೆ.

ಅವತ್ತು ನಾನು ಕಲ್ಲಿನಿಂದ ಆ ಬಾಗಿಲು ಬಡಿದೆ. ಹೆಸರು ಹಿಡಿದು ಕೂಗಿದೆ. ಆಗ ತಲೆ ಎತ್ತಿ ನೋಡಿದೆ. ಒಳಗಿದ್ದವರಿಗೆ ಕಾಣದ್ದು ನನಗೆ ಕಂಡಿತು. ಚಾವಣಿಯ ತೊಲೆ ಗೋಡೆಯಿಂದ ಬಿಟ್ಟಿತ್ತು. ಗಾಳಿ ಹೊಡೆದಾಗಲೆಲ್ಲ ಇಡೀ ಮಾಡು ಗೇಣುದ್ದ ಮೇಲೆದ್ದು ಮತ್ತೆ ಕೂರುತ್ತಿತ್ತು. ಬಾಗಿಲು ಬೆರಳಷ್ಟು ತೆರೆದಿದ್ದರೂ ಮಾಡು ಕಮರಿಗೆ ಹೋಗುತ್ತಿತ್ತು, ಗೋಡೆ ಮಕ್ಕಳ ಮೇಲೆ ಬೀಳುತ್ತಿತ್ತು. ಒಳಗೆ ಮಾರ್ಸೆಲಾ ಇದ್ದಾಳೆ ಎಂದು ನನಗೆ ಗೊತ್ತಿತ್ತು. ಬಡಿಯುವುದನ್ನು ನಾನೇ ನಿಲ್ಲಿಸಿದೆ. ಕಲ್ಲು ಕೆಳಗಿಟ್ಟು ತೆವಳಿಕೊಂಡು ಭಟ್ಟಿಯ ಕಡೆ ಹೋದೆ. ದಾರಿಯಲ್ಲಿ ಒಂದು ತಗಡು ಬಂದು ಕೈಗೆ ಹೊಡೆಯಿತು.

ಒಳಗೆ ನಾನಿದ್ದು ಹೊರಗೆ ಅವಳಿದ್ದಿದ್ದರೆ ನಾನೂ ತೆಗೆಯುತ್ತಿರಲಿಲ್ಲ.

ಇದನ್ನು ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ. ನನ್ನ ಸಿಟ್ಟು ಬಾಗಿಲಿನ ಮೇಲಲ್ಲ. ನಾನು ಅಷ್ಟು ಕೂಗಿದೆ, ಒಳಗಿನಿಂದ ಒಂದು ಮಾತು ಬರಲಿಲ್ಲ. "ಅತ್ತೆ, ಆಗಲ್ಲ" ಎಂದಿದ್ದರೆ ಸಾಕಿತ್ತು. "ಸಾಯಿ ಮುದುಕಿ" ಎಂದಿದ್ದರೂ ಆಗುತ್ತಿತ್ತು. ಆ ಗಾಳಿಯಲ್ಲಿ ನಾನೊಬ್ಬಳು ಅಲ್ಲಿದ್ದೇನೆ ಎಂದು ಯಾರಿಗಾದರೂ ಗೊತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಒಲೆಯೊಳಗೆ ಮಲಗಿ ಇಡೀ ರಾತ್ರಿ ಅದನ್ನೇ ಯೋಚಿಸಿದೆ. ಅವಳಿಗೆ ಕೇಳಿಸಿಯೇ ಇಲ್ಲವೇನೋ, ಅಥವಾ ಕೇಳಿಸಿದರೂ ನಾನು ಅವಳಿಗೆ ಏನೂ ಅಲ್ಲವೇನೋ.

ಈಗ ಬಡಿದಾಗಲೆಲ್ಲ ಅವಳು "ಬನ್ನಿ" ಎನ್ನಬೇಕು. ಅನ್ನಲಿ. ನಾನು ಸಾಯುವ ತನಕ ಅನ್ನಲಿ.

ನೀಲಿ ಉಡುಪನ್ನು ಯಾರ ಕೈಯಲ್ಲಾದರೂ ಕಳಿಸು. ಸೊಂಟ ಸ್ವಲ್ಪ ಹಿಡಿಸಿ ಕಳಿಸು, ಇಳಿದುಹೋಗಿದ್ದೇನೆ.

ನಿನ್ನ ಹೆತ್ತವಳು,
ಇಸ್ಮೇನಿ


ಪುವಾಂತ್-ಆ-ಪಿತ್ರ್
23 ಮಾರ್ಚ್ 1980

ವಿತಾಲಿನ್,

ಇದರ ಜೊತೆ ಅಮ್ಮ ನನಗೆ ಬರೆದದ್ದನ್ನು ಇಟ್ಟಿದ್ದೇನೆ. ನಿನಗೆ ಹೇಳಬೇಡ ಎಂದಿದ್ದಾಳೆ. ಅವಳ ಮಾತನ್ನು ನಾನು ಯಾವತ್ತು ಕೇಳಿದ್ದೇನೆ?

ನಿನ್ನ ಮೇಲಿನ ಕರುಣೆಯಿಂದ ಕಳಿಸುತ್ತಿಲ್ಲ. ಇದು ನನ್ನ ದಿಂಬಿನ ಕೆಳಗಿದ್ದರೆ ನನಗೆ ನಿದ್ದೆ ಬರುತ್ತಿಲ್ಲ, ಅಷ್ಟೇ. ಕೊಲೆಗಾತಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಿದ್ದೆ. ಆ ಒಂದು ಮಾತನ್ನು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಹಾಗೇ ಇದೆ.

ಓದಿದ ಮೇಲೆ ವಾಪಸು ಕಳಿಸು. ಅದು ನನ್ನಮ್ಮನ ಕೈಬರಹ, ನಿನ್ನದಲ್ಲ.

ಜರ್ಮೇನ್


ಫಾಂ ಕನೆಲ್
12 ಏಪ್ರಿಲ್ 1980

ಜರ್ಮೇನ್,

ಕಾಗದ ವಾಪಸು ಕಳಿಸಿದ್ದೇನೆ. ಒಂದು ಮೂಲೆ ಒದ್ದೆಯಾಗಿ ಶಾಯಿ ಹರಡಿದೆ. ಬಿಸಿಲಿಗೆ ಹಿಡಿದು ನೋಡುವ ಅಭ್ಯಾಸ ನಿನಗಿದೆಯಲ್ಲ, ನೋಡಿಕೋ.

ತೊರೆಯಲ್ಲಿ ಬಟ್ಟೆ ಒಗೆಯಲು ಹೋದವಳು ಅಲ್ಲೇ ಕಲ್ಲಿನ ಮೇಲೆ ಕೂತು ಓದಿದೆ. ಮೊದಲು ಅಳು ಬಂತು. ಆಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಒಗೆದ ಬಟ್ಟೆಯನ್ನೇ ಮತ್ತೆ ಕಲ್ಲಿಗೆ ಬಡಿದೆ. ಇಷ್ಟು ತಿಂಗಳು! ಬಡಿಯುವುದನ್ನು ತಾನೇ ನಿಲ್ಲಿಸಿದವರು ಇಷ್ಟು ತಿಂಗಳು ನನ್ನನ್ನು ಊರ ಮುಂದೆ ಹಾಗೆ ನಿಲ್ಲಿಸಿದರು. ಆ ಸದ್ದು ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ನಾನು ಪ್ರತಿ ರಾತ್ರಿ ಮಲಗಿ ಯೋಚಿಸುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಪಕ್ಕದಲ್ಲೇ ಮಲಗುತ್ತಾರಲ್ಲ.

ಒಂದು ಮಾತು ಯಾಕೆ ಆಡಲಿಲ್ಲ ಎಂದು ಕೇಳಿದ್ದಾರೆ. ಅವರಿಗೆ ಹೇಳಲಾರೆ, ನಿನಗೆ ಹೇಳುತ್ತೇನೆ. ಬಾಯಿ ತೆರೆದಿದ್ದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸಲ "ಅತ್ತೆ" ಎಂದಿದ್ದರೂ ಬೀರು ಸರಿಸಿಬಿಡುತ್ತಿದ್ದೆ. ಅದಕ್ಕೇ ಕಿವಿ ಮುಚ್ಚಿಕೊಂಡೆ, ತುಟಿ ಕಚ್ಚಿ ಹಿಡಿದೆ. ರಕ್ತ ಬಂದದ್ದು ಆಮೇಲೆ ಗೊತ್ತಾಯಿತು.

ನಾನು ಇದನ್ನೆಲ್ಲ ಓದಿದ್ದೇನೆ ಎಂದು ಅವರಿಗೆ ಹೇಳುವುದಿಲ್ಲ. ಹೇಳಿದರೆ ಬಾಯ್ಮುಚ್ಚಿ ಕೂತುಬಿಡುತ್ತಾರೆ, ಆಮೇಲೆ ದೋಣಿ ಯಾವಾಗ ಎಂದು ಕೇಳುತ್ತಾರೆ. ನೀನೂ ಸುಮ್ಮನಿರು. ಆ ರಾತ್ರಿ ಮಾತ್ರ ಅವರ ಕೋಕೋಗೆ ಸಕ್ಕರೆ ಹಾಕಲಿಲ್ಲ. ಕುಡಿದು ಮುಖ ಹಿಂಡಿದರು. ನನಗೆ ಒಂಚೂರು ಸಮಾಧಾನವಾಯಿತು.

ಮರುದಿನ ನಿನ್ನ ಲಕೋಟೆ ನನ್ನ ಬಟ್ಟೆಯ ಬುಟ್ಟಿಯಲ್ಲಿರುವುದನ್ನು ಕಂಡರು.

"ಅದೇನು, ಜರ್ಮೇನ್ ಬರೆದಿದ್ದಾ?"

"ಹೂಂ."

"ಏನಂತೆ?"

"ನನ್ನನ್ನ ಬೈದು ಬರ್ದಿದ್ದಾಳೆ, ಅತ್ತೆ."

ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಒಳ್ಳೇದೇ ಮಾಡಿದ್ಲು," ಅಂದರು. "ಎಲ್ಲಿ, ಓದು ನೋಡಣ."

ಖಾಲಿ ಹಾಳೆಯೊಂದನ್ನು ಹಿಡಿದುಕೊಂಡು ಎದುರಿಗೆ ಕೂತೆ. ನನಗೆ ನೆನಪಿದ್ದ ಬೈಗುಳವನ್ನೆಲ್ಲ ನಿನ್ನ ಹೆಸರಿನಲ್ಲಿ ಓದಿದೆ. ಕಣ್ಣು ಮುಚ್ಚಿ, ತಲೆದೂಗುತ್ತ, ಕೊನೆಯ ತನಕ ಕೇಳಿಸಿಕೊಂಡರು.

ವಿತಾಲಿನ್